ಹನ್ನೊಂದು ಹೆಂಗಸರ ಫೀ

ಇಚಲಕರಂಜಿ
12 ಜನವರಿ 1964

ಅಣ್ಣ ಕಾಡಸಿದ್ದನಿಗೆ ತಂಗಿ ಗೌರವ್ವನ ನಮಸ್ಕಾರ.

ಲಕೋಟೆಯೊಳಗೆ ಒಂದು ಚಿಟಿಕೆ ಕುಸುರೆಳ್ಳು ಇಟ್ಟಿದ್ದೇನೆ. ಅಂಚೆಯವರ ಕೈಯಲ್ಲಿ ಪುಡಿಯಾಗಿದ್ದರೆ ನಾಲಿಗೆಗೆ ಹಚ್ಚಿಕೊಂಡು ಸಂಕ್ರಾಂತಿ ಆಯಿತೆಂದು ತಿಳಿ. ದೀಪಾವಳಿಯಿಂದ ನಿನ್ನ ಒಂದಕ್ಷರ ಬಂದಿಲ್ಲ. ಕೋಲ್ಹಾಪುರದಲ್ಲಿ ಕಾರಕೂನನಾದವನಿಗೆ ದಿನವಿಡೀ ಸರಕಾರಕ್ಕೆ ಬರೆದು ಬರೆದು ತಂಗಿಗೆ ಬರೆಯುವಷ್ಟು ಶಾಯಿ ಉಳಿಯುವುದಿಲ್ಲವೇನೋ.

ಈ ಸಲ ಕೆಲಸವಿಟ್ಟುಕೊಂಡೇ ಬರೆಯುತ್ತಿದ್ದೇನೆ. ನಾನು ಹೋಗುವ ಶೆಡ್ಡನ್ನು ನೀನು ನೋಡಿಲ್ಲ. ಇಪ್ಪತ್ನಾಲ್ಕು ಮಗ್ಗಗಳಿವೆ. ನಮ್ಮ ಮನೆಯವರು ಅದರಲ್ಲಿ ಎರಡನ್ನು ನಡೆಸುತ್ತಾರೆ. ಮೂಲೆಯಲ್ಲಿ ನಾವು ಹನ್ನೊಂದು ಹೆಂಗಸರು ಕುಳಿತು ಲಾಳಿಯೊಳಗೆ ಹಾಕುವ ಕಂಡಿಕೆ ಸುತ್ತುತ್ತೇವೆ. ಮಗ್ಗಗಳನ್ನು ತಿರುಗಿಸುವ ದೊಡ್ಡ ಚರ್ಮದ ಪಟ್ಟಾ ಮೇಲಿನಿಂದ ಇಳಿದು ಬರುವುದು ನಮ್ಮ ಬೆನ್ನ ಹಿಂದೆಯೇ. ಬೆನ್ನಿಗೂ ಅದಕ್ಕೂ ನಡುವೆ ಒಂದು ಮೊಳ ಜಾಗ. ಅಡ್ಡ ಒಂದು ಹಲಗೆಯಿಲ್ಲ, ತಂತಿಯ ಜಾಳಿಯಿಲ್ಲ.

ಕಳೆದ ಮಂಗಳವಾರ ನನ್ನ ಪಕ್ಕದ ಮಲಕವ್ವ ನೂಲಿನ ಬುಟ್ಟಿ ಎತ್ತಿಕೊಳ್ಳಲು ತಿರುಗಿದಳು. ಅವಳ ಸೆರಗು ಪಟ್ಟಾಕ್ಕೆ ಸಿಕ್ಕಿತು. ಸೀರೆ ಹಳೆಯದು, ಪರ್‍ರನೆ ಹರಿಯಿತು. ಅದಕ್ಕೇ ಉಳಿದಳು. ಹೊಸ ಸೀರೆಯಾಗಿದ್ದರೆ ಅವಳನ್ನೂ ಎಳೆದುಕೊಳ್ಳುತ್ತಿತ್ತು. ನಾನು ಸುಮ್ಮನಿರುವವಳಲ್ಲ, ಗೊತ್ತಲ್ಲ ನಿನಗೆ. ಮಾಲಕ ರಾವಸಾಹೇಬರ ಮುಂದೆ ಹೋಗಿ ನಿಂತು, ಜಾಳಿ ಹಾಕಿಸಿರಿ ಎಂದೆ. ಅವರು ಎಲೆ ಜಗಿಯುತ್ತ, "ಪಟ್ಟಾ ತನ್ನ ಜಾಗಾದಾಗ ತಾ ಐತಿ. ನೀವ ಅದರ ಕಡೆ ಹೊಕ್ಕೀರಿ. ಸೆರಗ ಸೊಂಟಕ್ಕ ಸಿಗಿಸ್ಕೊಂಡ ಕೂಡ್ರಿ" ಎಂದರು.

ಕಾರಖಾನೆಗಳಲ್ಲಿ ಯಾರ ಕೈಕಾಲೂ ಹೋಗದಂತೆ ನೋಡುವುದೇ ನಿಮ್ಮ ಕಚೇರಿಯ ಕೆಲಸವೆಂದು, ನೌಕರಿ ಸಿಕ್ಕ ದಿನ ಪೇಢೆ ಹಂಚುತ್ತ ನೀನೇ ಹೇಳಿದ್ದೆ. ಹಾಗಿದ್ದರೆ ನಿಮ್ಮ ಸಾಹೇಬರನ್ನು ಒಮ್ಮೆ ನಮ್ಮ ಮೂಲೆಗೆ ಕಳಿಸು. ದಿನಾ ಅಲ್ಲಿ ಕೂಡ್ರುವಾಗ ನನಗೆ ಹೆದರಿಕೆಯಾಗುತ್ತದೆ ಅಣ್ಣಾ. ಇದನ್ನು ಮನೆಯವರ ಮುಂದೆ ಹೇಳಿಲ್ಲ.

ನಿನ್ನ
ಗೌರಿ


ಕೋಲ್ಹಾಪುರ
21 ಜನವರಿ 1964

ಪ್ರೀತಿಯ ತಂಗಿ ಗೌರವ್ವನಿಗೆ ಆಶೀರ್ವಾದ.

ಎಳ್ಳು ಪುಡಿಯಾಗಿತ್ತು, ಸಿಹಿ ಹೋಗಿರಲಿಲ್ಲ. ಬರೆಯದಿದ್ದದ್ದು ತಪ್ಪು, ಒಪ್ಪಿದೆ. ಕಚೇರಿಯಲ್ಲಿ ತಲೆ ಎತ್ತಲು ಪುರುಸೊತ್ತಿಲ್ಲ. ಹೊಸ ಕಾಯ್ದೆ ಬಂದಿದೆ. ಇಷ್ಟು ದಿನ ನಮ್ಮ ಕಚೇರಿ ತಪಾಸಣೆ ಮಾಡಬಹುದಿತ್ತು, ಖಟ್ಲೆ ಹಾಕಬಹುದಿತ್ತು, ಅಷ್ಟೇ. ಇನ್ನು ಮೇಲೆ ಯಂತ್ರ ಪರೀಕ್ಷಿಸುವುದು, ಸಲಹೆ ಕೊಡುವುದು, ಶೆಡ್ಡು ಸುರಕ್ಷಿತವೆಂದು ದಾಖಲೆ ಬರೆದುಕೊಡುವುದು, ಇಂಥ ಸೇವೆಗಳಿಗೆ ಫೀ ತೆಗೆದುಕೊಳ್ಳುವ ಅಧಿಕಾರವನ್ನೂ ಕೊಟ್ಟಿದ್ದಾರೆ. ಅದಕ್ಕೊಂದು ಬೇರೆ ವಿಭಾಗ ತೆರೆದು ನನ್ನನ್ನು ಕೂಡಿಸಿದ್ದಾರೆ. ಸದ್ಯಕ್ಕೆ ಹಂಗಾಮಿ. ಅರ್ಜಿಗಳು ಬಂದು ವಿಭಾಗ ನಡೆದರೆ ನನ್ನ ಜಾಗ ಕಾಯಂ ಆಗುತ್ತದೆ. ನಡೆಯದಿದ್ದರೆ ನಮ್ಮೂರು ನೂಲಕ್ಕೆ ಹೋಗಿ ಕಬ್ಬಿಗೆ ನೀರು ಹಾಯಿಸಬೇಕು.

ನೀನು ಹೆಸರಿಲ್ಲದ ದೂರು ಮಾತ್ರ ಕಳಿಸಬೇಡ. ಅಂಥವು ಕಪಾಟಿನಲ್ಲಿ ಬಿದ್ದಿರುತ್ತವೆ. ಫೀ ಕಟ್ಟಿದ ಅರ್ಜಿಗೆ ನಂಬರು ಬೀಳುತ್ತದೆ, ತಿಂಗಳೊಳಗೆ ಸಾಹೇಬರು ಹೋಗಲೇಬೇಕು. ನಿಮ್ಮ ಶೆಡ್ಡಿಗೆ ಹದಿನಾರೂವರೆ ರೂಪಾಯಿ ಆಗುತ್ತದೆ. ನಮೂನೆ ಜೊತೆಗಿದೆ. ಯಾರಾದರೊಬ್ಬರು ಸಹಿ ಮಾಡಬೇಕು. ಅಲ್ಲಿ ಮುಲ್ಕಿ ಪರೀಕ್ಷೆ ಪಾಸಾದವಳು ನೀನೊಬ್ಬಳೇ ಇರಬೇಕು, ನೀನೇ ಮಾಡು. ಮುಂದಿನದಕ್ಕೆ ನಾನಿದ್ದೇನೆ.

ನಿಮ್ಮ ಯಜಮಾನರು ಸಾತಪ್ಪನವರಿಗೆ ನನ್ನ ನಮಸ್ಕಾರ ಹೇಳು.

ಕಾಡಸಿದ್ದ


ಇಚಲಕರಂಜಿ
4 ಫೆಬ್ರುವರಿ 1964

ಅಣ್ಣಾ,

ಹದಿನಾರೂವರೆ ರೂಪಾಯಿಯ ಮನಿಯಾರ್ಡರು ಇವತ್ತು ಮಾಡಿದ್ದೇನೆ. ಅರ್ಜಿಯೂ ಇದರ ಜೊತೆಗಿದೆ, ನನ್ನ ಸಹಿ ಹಾಕಿದ್ದೇನೆ. ಹನ್ನೊಂದು ಜನ, ತಲೆಗೆ ಒಂದೂವರೆ. ಸುಲಭಕ್ಕೆ ಕೂಡಿತೆಂದು ತಿಳಿಯಬೇಡ. ಸರಕಾರದವರು ಈ ಕೆಲಸಕ್ಕೇ ಪಗಾರ ತೆಗೆದುಕೊಳ್ಳುವಾಗ ನಾವೇಕೆ ಮತ್ತೆ ಕೊಡಬೇಕೆಂದು ಎಲ್ಲರದೂ ಒಂದೇ ತಕರಾರು. ಆಗ ನಾನು ನಮ್ಮ ಹೊಲದ ಮೋಜಣಿಯ ಸಂಗತಿ ತೆಗೆದೆ.

ಬಸಗೊಂಡ ಕಾಕಾ ಬದುವು ಒತ್ತಿದಾಗ ಅಪ್ಪ ಗಡಹಿಂಗ್ಲಜಕ್ಕೆ ಹೋಗಿ ಹೊಲ ಅಳೆಸಲು ಫೀ ಕಟ್ಟಿ ಬಂದಿದ್ದರಲ್ಲ. ಫೀ ನಮ್ಮದು, ಅದಕ್ಕೇ ಅಳೆಯುವವನು ಚಹಾ ಕುಡಿದದ್ದು ನಮ್ಮ ಮನೆಯಲ್ಲಿ, ಸರಪಳಿ ಹಿಡಿದದ್ದು ನಮ್ಮ ಆಳು, ನಕಾಶೆ ಬಂದದ್ದು ಅಪ್ಪನ ಕೈಗೆ. ಕಾಕಾ ಬದುವಿನ ಮೇಲೆ ನಿಂತು ಮೀಸೆ ಎಳೆದುಕೊಂಡ, ಅಷ್ಟೇ. ಇದೂ ಹಾಗೆಯೇ, ಫೀ ಯಾರದೋ ಕಾಗದ ಅವರದು ಎಂದೆ. ಇಲ್ಲಿಯ ಹೆಂಗಸರೆಲ್ಲ ಹೊಲ ಕಂಡವರೇ, ಮೋಜಣಿ ಎಂದರೆ ಬಿಡಿಸಿ ಹೇಳಬೇಕಾಗಿಲ್ಲ. ಎಲ್ಲರಿಗಿಂತ ಮೊದಲು ಮಲಕವ್ವ ಸೊಂಟದ ಗಂಟು ಬಿಚ್ಚಿದಳು. "ನಿಮ್ಮಣ್ಣ ಅದಾನಂದ್ರ ನಮ್ಮಣ್ಣ ಇದ್ಧಾಂಗ" ಎಂದು ನನ್ನ ಕೈಯಲ್ಲಿ ಹಾಕಿದಳು.

ಎರಡು ಮಾತು ಖಾತ್ರಿ ಮಾಡಿ ಬರೆ. ಸಾಹೇಬರು ಬರೆದ ಕಾಗದ ನನ್ನ ಕೈಗೇ ಬರುತ್ತದೆ, ಹೌದಲ್ಲ? ಅರ್ಜಿ ಯಾರದೆಂದು ಮಾಲಕರಿಗೆ ತಿಳಿಯುವುದಿಲ್ಲ, ಹೌದಲ್ಲ?

ಗೌರಿ


ಕೋಲ್ಹಾಪುರ
12 ಫೆಬ್ರುವರಿ 1964

ತಂಗೀ,

ಹಣ ಮುಟ್ಟಿತು, ಪಾವತಿ ಚೀಟಿ ಇದರೊಳಗಿದೆ. ಹೌದು, ಮೋಜಣಿ ಇದ್ದ ಹಾಗೆಯೇ ಎಂದು ತಿಳಿ. ಹೆಂಗಸರಿಗೆ ಚೆನ್ನಾಗಿ ಹೇಳಿದ್ದೀಯೆ. ನಮ್ಮ ಸಾಹೇಬರ ಮುಂದೆಯೂ ಹೇಳಿದೆ, ನಕ್ಕರು.

ಸಾಹೇಬರು ಬರುವುದು ಇಪ್ಪತ್ತಾರಕ್ಕೆ, ಬುಧವಾರ. ಈ ತಾರೀಖು ಅವರಿಗೆ ಮತ್ತು ನನಗೆ ಮಾತ್ರ ಗೊತ್ತು, ಈಗ ನಿನಗೆ. ಮುಂಚೆ ಹೊರಗೆ ಬಿಟ್ಟರೆ ನನ್ನ ನೌಕರಿಗೆ ಕುತ್ತು. ತಂಗಿಯೆಂದು ಹೇಳಿದ್ದೇನೆ. ಸಾತಪ್ಪನವರಿಗೂ ಹೇಳಬೇಡ.

ಗಡಿಬಿಡಿಯಲ್ಲಿದ್ದೇನೆ. ಉಳಿದದ್ದು ಮತ್ತೆ ಬರೆಯುವೆ.

ಕಾಡಸಿದ್ದ


ಇಚಲಕರಂಜಿ
1 ಮಾರ್ಚ್ 1964

ಅಣ್ಣಾ,

ನಿಮ್ಮ ಸಾಹೇಬರು ಬಂದರು, ಹೋದರು. ಹೇಗೆ ಬಂದು ಹೇಗೆ ಹೋದರೆಂದು ಕೇಳು.

ಮಂಗಳವಾರ ಮಧ್ಯಾಹ್ನ ಇಬ್ಬರು ಆಳುಗಳು ಕೈಗಾಡಿಯ ಮೇಲೆ ಹಸಿರು ಬಣ್ಣದ ಜಾಳಿ ತಂದರು. ರಾವಸಾಹೇಬರ ಸೋದರಳಿಯನ ಶೆಡ್ಡಿನದು ಅದು. ಪಟ್ಟಾದ ಸುತ್ತ ನಿಲ್ಲಿಸಿ ನಾಲ್ಕು ಬೋಲ್ಟು ಬಿಗಿದರು. ಹೆಂಗಸರೆಲ್ಲ ಹಿಗ್ಗಿದರು. ನಾನು ಮಾತ್ರ ಹಿಗ್ಗಲಿಲ್ಲ, ಏಕೆಂದರೆ ಮರುದಿನ ಇಪ್ಪತ್ತಾರೆಂದು ಗೊತ್ತಿದ್ದವಳು ಅಲ್ಲಿ ನಾನೊಬ್ಬಳೇ. ಬುಧವಾರ ಸಾಹೇಬರು ಜೀಪಿನಿಂದ ಇಳಿದು ಮಾಲಕರ ಗಾದಿಯ ಮೇಲೆ ಚಹಾ ಕುಡಿದು ನಮ್ಮ ಮೂಲೆಗೆ ಬಂದರು. ಜಾಳಿ ನೋಡಿ ಏನೋ ಬರೆದುಕೊಂಡರು. ಫೀ ಕಟ್ಟಿದವಳು ನಾನು, ಎದ್ದು ನಿಂತೆ. ನನ್ನತ್ತ ನೋಡಲೂ ಇಲ್ಲ. ಶುಕ್ರವಾರ ಅದೇ ಆಳುಗಳು ಬಂದು ಅದೇ ಕೈಗಾಡಿಯ ಮೇಲೆ ಜಾಳಿ ಹೇರಿಕೊಂಡು ಹೋದರು.

ತಾರೀಖು ಮಾಲಕರಿಗೆ ಹೇಗೆ ಗೊತ್ತಾಯಿತೋ ನನಗೆ ತಿಳಿಯದಾಗಿದೆ. ನಾನಂತೂ ಬಾಯಿ ಬಿಟ್ಟಿಲ್ಲ, ದೇವರಾಣೆ. ನಿಮ್ಮ ಜೀಪಿನ ಡ್ರೈವರನೇ ಹೇಳಿರಬೇಕು. ಅವನ ಮೇಲೆ ಕಣ್ಣಿಡು, ನಿನಗೇ ತೊಂದರೆ ತಂದಾನು. ಸಾಹೇಬರ ಕಾಗದವನ್ನು ಮಾತ್ರ ಬೇಗ ಕಳಿಸು. ಅದರಲ್ಲಿ ಜಾಳಿ ಇದೆಯೆಂದು ಬರೆದಿದ್ದರೆ ಅದನ್ನೇ ಹಿಡಿದುಕೊಂಡು, ಎಲ್ಲಿ ಜಾಳಿ ತೋರಿಸಿರಿ ಎಂದು ಕೇಳುತ್ತೇನೆ.

ಗೌರಿ


ಕೋಲ್ಹಾಪುರ
18 ಏಪ್ರಿಲ್ 1964

ಪ್ರೀತಿಯ ತಂಗಿಗೆ,

ಸಂತೋಷದ ಸುದ್ದಿ ಮೊದಲು. ಒಂದನೇ ತಾರೀಖಿನಿಂದ ನನ್ನ ಜಾಗ ಕಾಯಂ ಆಯಿತು. ಅವ್ವನಿಗೂ ನೂಲಕ್ಕೆ ಬರೆದಿದ್ದೇನೆ. ಯುಗಾದಿ ದಾಟಿದರೂ ನಿನ್ನ ಕಾಗದವಿಲ್ಲ. ಅಲ್ಲಿ ಎಲ್ಲ ಶಾಂತವಾಯಿತೆಂದು ತಿಳಿದು ನಿಶ್ಚಿಂತನಾಗಿದ್ದೇನೆ.

ಸಾಹೇಬರ ದಾಖಲೆ ನಿಯಮದ ಪ್ರಕಾರ ಶೆಡ್ಡಿನ ಮಾಲಕರ ಹೆಸರಿಗೆ ಹೋಗಿದೆ. ಫೀ ಯಾರೇ ಕಟ್ಟಲಿ, ದಾಖಲೆ ಶೆಡ್ಡು ಯಾರದೋ ಅವರದು. ಇದು ನಿನಗೆ ಹೊಳೆದಿರುತ್ತದೆ ಎಂದುಕೊಂಡಿದ್ದೆ. ರಾವಸಾಹೇಬರು ನೀನು ತಿಳಿದಷ್ಟು ಕೆಟ್ಟವರಲ್ಲ. ತಮ್ಮ ನಾಲ್ಕೂ ಶೆಡ್ಡುಗಳನ್ನು ವರ್ಷಕ್ಕೊಮ್ಮೆ ಫೀ ಕಟ್ಟಿ ನೋಡಿಸುವುದಾಗಿ ಬರೆದುಕೊಟ್ಟಿದ್ದಾರೆ. ಅವರನ್ನು ನೋಡಿ ಇನ್ನೂ ಏಳು ಮಾಲಕರು ಬಂದರು. ವಿಭಾಗ ನಿಂತದ್ದು ಅದರಿಂದಲೇ. ಇಂಥವು ನಿಧಾನವಾಗಿ ಸುಧಾರಿಸುತ್ತವೆ, ತಾಳ್ಮೆಯಿರಲಿ.

ಇಲ್ಲಿಯ ಮಂಗಳವಾರ ಪೇಟೆ ಎಂಬಲ್ಲಿ ಎರಡು ಕೋಣೆಯ ಮನೆ ಹಿಡಿದಿದ್ದೇನೆ. ನೀವಿಬ್ಬರೂ ಒಮ್ಮೆ ಬನ್ನಿ.

ಕಾಡಸಿದ್ದ


ಇಚಲಕರಂಜಿ
2 ಮೇ 1964

ಕಾಡಸಿದ್ದಣ್ಣನಿಗೆ,

ಶಾಂತವಾಯಿತು. ನನ್ನನ್ನು ಕೆಲಸದಿಂದ ತೆಗೆದರು, ಅದಕ್ಕೆ ಶಾಂತವಾಯಿತು.

ಮಾರ್ಚ್ ಹತ್ತಕ್ಕೆ ರಾವಸಾಹೇಬರು ಮಗ್ಗ ನಿಲ್ಲಿಸಿ ಎಲ್ಲರನ್ನೂ ಕೂಡಿಸಿದರು. ಒಂದು ಕೈಯಲ್ಲಿ ನಿಮ್ಮ ಕಚೇರಿಯ ದಾಖಲೆ, ಇನ್ನೊಂದರಲ್ಲಿ ನನ್ನ ಅರ್ಜಿಯ ನಕಲು. ನನ್ನ ಅಕ್ಷರ, ನನ್ನ ಸಹಿ. ಎರಡನ್ನೂ ಓದಿಸಿದರು. ಪಟ್ಟಾಕ್ಕೆ ಭದ್ರವಾದ ಜಾಳಿ ಇದೆ, ಶೆಡ್ಡು ಸುರಕ್ಷಿತವಾಗಿದೆ ಎಂದು ದಾಖಲೆ. "ನಿಮ್ಮ ರೊಕ್ಕದಾಗ ನನಗ ಸರ್ಟಿಫಿಕೇಟ್ ತಂದುಕೊಟ್ರಿ, ಭಾಳ ಉಪಕಾರ ಆತು" ಎಂದು ಹೆಂಗಸರಿಗೆ ಕೈ ಮುಗಿದರು. ಜನ ನಕ್ಕರು. ಆ ನಗೆ ಇನ್ನೂ ನನ್ನ ಕಿವಿಯಲ್ಲಿದೆ. ಮರುದಿನದಿಂದ ನನಗೆ ಕೆಲಸವಿಲ್ಲ, ನಮ್ಮ ಮನೆಯವರಿಗೆ ಎರಡರ ಬದಲು ಒಂದೇ ಮಗ್ಗ. ಅವರು ನನ್ನನ್ನು ಬೈಯಲೂ ಇಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಏಳು ವಾರ ನಿನ್ನ ಕಾಗದ ಕಾದೆ. ಕೊನೆಗೆ ಕಾಮಗಾರರ ಸಂಘದ ಶ್ರೀಪಾಲ ಅವರ ಹತ್ತಿರ ಹೋದೆ. ಅವರು ಹೊಸ ಕಾಯ್ದೆಯನ್ನು ಮುಂದಿಟ್ಟುಕೊಂಡು ಓದಿ ಹೇಳಿದರು. ಕೆಲಸಗಾರರ ದೂರಿಗೆ ಮೊದಲೂ ಫೀ ಇರಲಿಲ್ಲ, ಈಗಲೂ ಇಲ್ಲವಂತೆ. ದೂರು ಕೊಟ್ಟವರ ಹೆಸರನ್ನು ಸಾಹೇಬರು ಯಾರಿಗೂ ಬಿಟ್ಟುಕೊಡುವಂತಿಲ್ಲವಂತೆ. ಫೀ ಕಟ್ಟಿದರೆ ಅದು ದೂರಲ್ಲ, ಸೇವೆ. ಸೇವೆಯ ಅರ್ಜಿಯ ನಕಲು ಮಾಲಕರಿಗೆ ಹೋಗಲೇಬೇಕಂತೆ. "ಬಾಯಿ, ಹದಿನಾರೂವರಿ ರೂಪಾಯಿ ಕೊಟ್ಟ ನಿಮ್ಮ ಹೆಸರ ನೀವ ಹೊರಗ ಹಾಕಿದ್ರಿ. ಹಿಂಗ ಮಾಡ್ರಿ ಅಂತ ಯಾರ ಹೇಳಿದ್ರ ನಿಮಗ?" ಎಂದು ಕೇಳಿದರು. ನಾನು ಎದ್ದು ಬಂದೆ.

ನನ್ನ ಎರಡು ಪ್ರಶ್ನೆಗಳಲ್ಲಿ ಒಂದಕ್ಕೆ ಮಾತ್ರ ನೀನು ಉತ್ತರ ಕೊಟ್ಟಿದ್ದೆ, ಅದೂ ಸುಳ್ಳು. ಇನ್ನೊಂದನ್ನು ಮರೆತಿದ್ದೀಯೆ ಎಂದುಕೊಂಡಿದ್ದೆ. ಇರಲಿ. ಈಗ ಒಂದೇ ಕೇಳುತ್ತೇನೆ. ತಾರೀಖನ್ನು ಹೇಳಿದವರು ಯಾರು? ಮಲಕವ್ವ ನೀರಿಗೆ ಬಂದಾಗ ನನ್ನ ಜೊತೆ ಮಾತಾಡುವುದಿಲ್ಲ. ತಾರೀಖು ನನಗೆ ಮೊದಲೇ ಗೊತ್ತಿತ್ತೆಂದು ಬಾಯಿ ತಪ್ಪಿ ಅವಳಿಗೆ ನಾನೇ ಹೇಳಿಬಿಟ್ಟೆ. ಮಾಲಕರಿಗೆ ಮಾರಿಕೊಂಡವಳು ನಾನೇ ಎಂದು ಅವಳು ತಿಳಿದಿದ್ದಾಳೆ. ಒಂದು ಸಾಲು ಬರೆ ಸಾಕು.

ಗೌರವ್ವ


ಕೋಲ್ಹಾಪುರ
3 ಆಗಸ್ಟ್ 1964

ಪ್ರೀತಿಯ ತಂಗಿ ಗೌರವ್ವನಿಗೆ ನಿನ್ನ ಅಣ್ಣ ಕಾಡಸಿದ್ದನ ಅನೇಕ ಆಶೀರ್ವಾದ.

ಮೂರು ತಿಂಗಳು ಯಾವ ಮುಖದಿಂದ ಬರೆಯಲಿ ಎಂದು ಸುಮ್ಮನಿದ್ದೆ. ಈಗ ಸುಮ್ಮನಿರುವಂತಿಲ್ಲ. ಜುಲೈ ಇಪ್ಪತ್ತಕ್ಕೆ ಮಲಕವ್ವನ ಬಲಗೈ ಪಟ್ಟಾಕ್ಕೆ ಸಿಕ್ಕು ಮೊಣಕೈಯವರೆಗೆ ಹೋದ ಸುದ್ದಿ ಕಚೇರಿಗೆ ಬಂದಿತು. ಎರಡು ದಿನ ನನಗೆ ಊಟ ಸೇರಲಿಲ್ಲ.

ನಿನ್ನ ಹತ್ತಿರ ಮುಚ್ಚುವುದಿಲ್ಲ. ನಿನ್ನ ಅರ್ಜಿಯ ನಕಲು ತಲುಪಿದ ಮೇಲೆ ರಾವಸಾಹೇಬರು ಕಚೇರಿಗೆ ಬಂದಿದ್ದರು. ತಾರೀಖು ಹೇಳು, ನಾಲ್ಕೂ ಶೆಡ್ಡುಗಳ ಫೀ ಕಟ್ಟುತ್ತೇನೆ ಎಂದರು. ಆ ತಿಂಗಳು ವಿಭಾಗದಲ್ಲಿ ನಿನ್ನದೊಂದು ಬಿಟ್ಟರೆ ಅರ್ಜಿಯೇ ಇರಲಿಲ್ಲ. ಹೇಳಿದೆ. ಹಾಕಿದ ಜಾಳಿಯನ್ನು ಯಾರಾದರೂ ತೆಗೆಯುತ್ತಾರೆಂದು ನನಗೆ ಹೇಗೆ ಗೊತ್ತಾಗಬೇಕು?

ಈಗ ಪುಣೆಯಿಂದ ದೊಡ್ಡ ಸಾಹೇಬರು ವಿಚಾರಣೆಗೆ ಬರುತ್ತಾರೆ. ಶೆಡ್ಡು ಸುರಕ್ಷಿತವೆಂದು ದಾಖಲೆಯಿದೆ, ತಪ್ಪು ಮಲಕವ್ವನದೇ ಎಂದು ಮಾಲಕರ ವಾದ. ಜಾಳಿ ಎರವಲು ತಂದದ್ದೆಂದು ಸಂಘದವರ ವಾದ. ಹಾಗಾದರೆ ತಾರೀಖು ಹೊರಗೆ ಬಿಟ್ಟವರು ಯಾರೆಂದು ಕೇಳಿಯೇ ಕೇಳುತ್ತಾರೆ. ನಿನ್ನನ್ನೂ ಕರೆಯುತ್ತಾರೆ. ನೀನೇ ಎಲ್ಲೋ ಮಾತಿನ ಭರದಲ್ಲಿ ಆಡಿದೆ ಎಂದು ಹೇಳು. ಕಚೇರಿಗೆ ಬಂದಾಗ ಬಾಗಿಲಲ್ಲಿ ಕೇಳಿಸಿಕೊಂಡೆ ಎಂದರೆ ಆಯಿತು. ರಾವಸಾಹೇಬರ ವಕೀಲರೂ ಹಾಗೆಯೇ ಹೇಳಲು ಒಪ್ಪಿದ್ದಾರೆ. ಹೆಣ್ಣುಮಗಳ ಬಾಯಿಂದ ಮಾತು ಜಾರಿತೆಂದರೆ ಯಾರೂ ಏನೂ ಮಾಡುವುದಿಲ್ಲ. ನನ್ನ ಹೆಸರು ಬಂದರೆ ನೌಕರಿ ಹೋಗುತ್ತದೆ, ಜೈಲೂ ಆದೀತು. ನಿನ್ನ ಕೆಲಸ ಹೇಗೂ ಹೋಗಿದೆ. ಮಲಕವ್ವ ಹೇಗೂ ನಿನ್ನ ಜೊತೆ ಮಾತಾಡುವುದಿಲ್ಲ. ನಿನಗೆ ಇನ್ನು ಹೋಗುವುದು ಏನಿದೆ?

ಹತ್ತು ದಿನ ರಜೆ ಹಾಕಿ ನೂಲಕ್ಕೆ ಹೋಗುತ್ತೇನೆ. ಅವ್ವನೂ ನಿನಗೆ ಹೇಳಿ ಕಳಿಸುತ್ತಾಳೆ. ಈ ಕಾಗದ ಓದಿ ಒಲೆಗೆ ಹಾಕು.

ನಿನ್ನ ಅಣ್ಣ
ಕಾಡಸಿದ್ದ


ಇಚಲಕರಂಜಿ
14 ಆಗಸ್ಟ್ 1964

ನೂಲದಲ್ಲಿರುವ ಕಾಡಸಿದ್ದನವರಿಗೆ,

ಅವ್ವ ಹೇಳಿ ಕಳಿಸಿದ್ದು ಮುಟ್ಟಿತು. "ಒಡಹುಟ್ಟಿದವನ ಹೊಟ್ಟಿ ಮ್ಯಾಲ ಹೊಡೀಬ್ಯಾಡ" ಎಂದಳಂತೆ. ಮಲಕವ್ವನ ಕೈ ಹೋದದ್ದನ್ನು ನೀನು ಅವಳಿಗೆ ಹೇಳಿರಲಿಕ್ಕಿಲ್ಲ. ಈ ಕಾಗದವನ್ನು ಅವಳ ಮುಂದೆ ಕೂತು ಓದು.

ನಿನ್ನೆ ವಿಚಾರಣೆಯಾಯಿತು. ನೀನು ಹೇಳಿದಂತೆಯೇ ರಾವಸಾಹೇಬರ ವಕೀಲ ಎದ್ದು ನಿಂತು, ತಾರೀಖನ್ನು ಅರ್ಜಿ ಕೊಟ್ಟ ಹೆಂಗಸೇ ಶೆಡ್ಡಿನಲ್ಲಿ ಹೇಳಿಕೊಂಡು ತಿರುಗಿದಳು ಎಂದ. ಒಂಬತ್ತು ಹೆಂಗಸರು ನನ್ನತ್ತ ತಿರುಗಿದರು. ಮಲಕವ್ವ ಮಾತ್ರ ತಲೆ ಎತ್ತಲಿಲ್ಲ. ಅವಳ ಕುಪ್ಪಸದ ಬಲದೋಳು ಕೆಳಗೆ ಜೋತುಬಿದ್ದಿತ್ತು. ಆಮೇಲೆ ನನ್ನನ್ನು ಕರೆದರು.

ಹೋಗುವವರೆಗೂ ನಾನು ಏನು ಹೇಳುತ್ತೇನೆಂದು ನನಗೇ ಗೊತ್ತಿರಲಿಲ್ಲ. ನಿನ್ನ ಮುಂದೆ ಸುಳ್ಳು ಹೇಳುವುದಿಲ್ಲ. ದಾರಿಯುದ್ದಕ್ಕೂ ನಿನ್ನನ್ನು ಉಳಿಸುವ ಮಾತನ್ನೇ ಬಾಯಿಪಾಠ ಮಾಡುತ್ತ ನಡೆದಿದ್ದೆ. ಆದರೆ ಆ ಜೋತುಬಿದ್ದ ತೋಳನ್ನು ನೋಡಿದ ಮೇಲೆ ಆಗಲಿಲ್ಲ. ಒಲೆಗೆ ಹಾಕೆಂದು ನೀನು ಬರೆದ ಕಾಗದವನ್ನು ಸೊಂಟದಿಂದ ತೆಗೆದು ಮೇಜಿನ ಮೇಲಿಟ್ಟೆ.

ಪುಣೆಯ ಸಾಹೇಬರಿಗೆ ಕನ್ನಡ ಬಾರದು. ನೀನೇ ಓದಿ ಮರಾಠಿಯಲ್ಲಿ ಹೇಳು ಎಂದರು. ನಾನು "ಪ್ರೀತಿಯ ತಂಗಿ ಗೌರವ್ವನಿಗೆ ನಿನ್ನ ಅಣ್ಣ ಕಾಡಸಿದ್ದನ ಅನೇಕ ಆಶೀರ್ವಾದ" ಎಂಬಲ್ಲಿಂದ ಶುರು ಮಾಡಿದೆ. ಮೇಲಿನ ಒಕ್ಕಣೆ ಬೇಡ, ವಿಷಯ ಓದು ಎಂದು ಅವರು ತಡೆದರು. "ಮಾಯನಾ ಸೋಡಾ, ಬಾಯಿ. ಮುದ್ದ್ಯಾಚಂ ವಾಚಾ."

"ಸಾಹೇಬ, ಹಾಚ ಮುದ್ದಾ ಆಹೇ" ಎಂದೆ. ಇದೇ ವಿಷಯ. ತಂಗಿ ಎಂದು ಬರೆದದ್ದಕ್ಕೇ ನಾನು ಸಹಿ ಮಾಡಿದೆ, ನನ್ನನ್ನು ನೋಡಿ ಹತ್ತು ಜನ ದುಡ್ಡು ಕೊಟ್ಟರು.

ಆಮೇಲೆ ಅವರು ತಡೆಯಲಿಲ್ಲ. ನಿನ್ನ ಒಂದೊಂದು ಸಾಲನ್ನೂ ನಾನು ಓದಿದೆ, ನಾನೇ ತಿರುಗಿಸಿ ಹೇಳಿದೆ. ನೀನು ತಾರೀಖು ಹೇಳಿದ್ದು, ಹೆಣ್ಣುಮಗಳ ಬಾಯಿ ಜಾರಿತೆಂದು ಹೇಳಬೇಕೆಂದದ್ದು, ಎಲ್ಲ. ನಿನಗೆ ಇನ್ನು ಹೋಗುವುದು ಏನಿದೆ ಎಂಬ ಸಾಲನ್ನು ಮೆಲ್ಲಗೆ ಹೇಳಿದೆ. ಕೇಳಿಸಲಿಲ್ಲ, ಮತ್ತೊಮ್ಮೆ ಹೇಳು ಎಂದರು. ಮತ್ತೊಮ್ಮೆ ಹೇಳಿದೆ.

ದಾಖಲೆಯನ್ನು ರದ್ದು ಮಾಡುತ್ತಾರಂತೆ. ಮಲಕವ್ವನಿಗೆ ಪರಿಹಾರ ಸಿಗುವುದೆಂದು ಶ್ರೀಪಾಲ ಅವರು ಹೇಳುತ್ತಾರೆ. ನಿನಗೆ ಏನಾಗುತ್ತದೋ ನಾನು ಕೇಳಲಿಲ್ಲ. ನಾನು ತಿರುಗಿ ಬಂದಾಗ ಮಲಕವ್ವ ಬಾಕಿನ ಮೇಲೆ ಸ್ವಲ್ಪ ಸರಿದು ನನಗೆ ಜಾಗ ಬಿಟ್ಟಳು.

ಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತೆ. ನಿನ್ನ ಮೇಲೆ ಸಿಟ್ಟು ಬಂದರೆ ಚೆನ್ನಾಗಿತ್ತು. ನಾಚಿಕೆ ಬರುತ್ತದೆ, ನಿನ್ನದೂ ನಾನೇ ಪಡಬೇಕಾಗಿದೆ. ನಮ್ಮ ಮನೆಯವರು ಪಕ್ಕದಲ್ಲಿ ಕೂತು ಒಂದೇ ಮಾತು ಕೇಳಿದರು. "ಅಷ್ಟ ಮಂದ್ಯಾಗ ಹೇಳೂಮುಂದ ಅಂಜಿಕಿ ಆಗಲಿಲ್ಲೇನ?" ಎಂದರು. ಆಯಿತು ಎಂದೆ.

ನನಗೆ ಇನ್ನು ಹೋಗುವುದು ಏನಿದೆ ಎಂದು ನೀನು ಕೇಳಿದ್ದೆ. ಅಲ್ಲಿದ್ದವರು ಯಾರೂ ಅದಕ್ಕೆ ಉತ್ತರ ಕೇಳಲಿಲ್ಲ, ನಾನೂ ಹೇಳಲಿಲ್ಲ. ಕೇಳಿದವನು ನೀನು, ನಿನಗೇ ಬರೆಯುತ್ತೇನೆ. ನಿನ್ನೆಯವರೆಗೆ ನನಗೊಬ್ಬ ಅಣ್ಣ ಇದ್ದ.

ಗೌರವ್ವ